ಹೇಳಿಕೆ ತಲುಪಿತೇ?

ಕುಂದಾಪುರದ ಕಡೆ 'ಹೇಳಿಕೆ' ಎಂಬ ಮಾತಿಗೆ ಪತ್ರಿಕೆಯವರು ಕೊಡುವ ಅರ್ಥ ಒಂದು, ಮನೆಯವರು ಕೊಡುವ ಅರ್ಥ ಇನ್ನೊಂದು. ಪತ್ರಿಕೆಯಲ್ಲಿ ಹೇಳಿಕೆ ಕೊಡುವವರು ಮಂತ್ರಿಗಳು. ಮನೆಯಲ್ಲಿ ಹೇಳಿಕೆ ಎಂದರೆ ಆಮಂತ್ರಣ. ಮದುವೆಯ ಕಾಗದ ಎಷ್ಟೇ ಚೆಂದವಾಗಿ ಅಚ್ಚಾಗಿರಲಿ, ಅದು ಅಂಚೆಯಲ್ಲಿ ಬಂದರೆ ಹೇಳಿಕೆಯಾಯಿತೆಂದು ಯಾರೂ ಒಪ್ಪುವುದಿಲ್ಲ. ಮನೆಯವರಲ್ಲೊಬ್ಬರು ಅಂಗಳಕ್ಕೆ ಬಂದು, "ಹ್ವಾಯ್, ಎಲ್ಲಾರೂ ಬರ್ಕ್ ಅಕಾ" ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಹತ್ತಿರದ ನೆಂಟರೂ ಹೋಗುವುದಿಲ್ಲ. ಹೋಗದಿದ್ದದ್ದಕ್ಕೆ ಮುನಿಸು, ಮುನಿಸಿಗೆ ಪಂಚಾಯಿತಿಕೆ, ಪಂಚಾಯಿತಿಕೆಗೆ ಮತ್ತೆ ಹೇಳಿಕೆ! ನಮ್ಮ ಮನೆಗಳಲ್ಲಿ ಇದಕ್ಕೆ ದಾವತ್ ಎನ್ನುತ್ತೇವೆ. ಶಿರೂರು, ಗಂಗೊಳ್ಳಿಯ ನವಾಯತರಿರಲಿ, ಕುಂದಾಪುರದ ಉರ್ದು ಮಾತಿನವರಿರಲಿ, ದಕ್ಷಿಣಕ್ಕೆ ಹೋದಂತೆ ಸಿಗುವ ಬ್ಯಾರಿ ಮನೆಗಳಿರಲಿ, ನಿಯಮ ಮಾತ್ರ ಒಂದೇ. ಬಾಯಿಂದ ಬಾರದ್ದು ಬಂದಂತಲ್ಲ.

ಸರ್ಕಾರವೂ ಆಗಾಗ ಜನರಿಗೆ ಹೇಳಿಕೆ ಕಳುಹಿಸುತ್ತದೆ. 'ಆಕ್ಷೇಪಣೆ, ಸಲಹೆಗಳಿದ್ದರೆ ಇಷ್ಟು ದಿನಗಳೊಳಗೆ ತಿಳಿಸತಕ್ಕದ್ದು' ಎಂಬ ಒಕ್ಕಣೆಯಲ್ಲಿ ಅದು ಬರುತ್ತದೆ. ಒಂದು ಕಾಲಕ್ಕೆ ಡಂಗುರದ ಮೂಲಕ ಬರುತ್ತಿತ್ತು, ಆಮೇಲೆ ಚಾವಡಿಯ ಗೋಡೆಗೆ ಅಂಟಿಸಿದ ಕಾಗದವಾಗಿ, ಪತ್ರಿಕೆಯ ಒಳಪುಟದ ಸಣ್ಣ ಅಕ್ಷರವಾಗಿ, ಈಗ ವೆಬ್‌ಸೈಟಿನ ಯಾವುದೋ ಮೂಲೆಯ ಕಡತವಾಗಿ ಬರುತ್ತದೆ. ಈ ಹೇಳಿಕೆಗಳು ಯಾವ ದಾರಿಯಲ್ಲಿ ನಮ್ಮನ್ನು ತಲುಪಿದವು, ನಮ್ಮ ಮಾತು ಯಾವ ದಾರಿಯಲ್ಲಿ ಹಿಂತಿರುಗಿತು, ಅಲ್ಲಿ ಅದನ್ನು ಏನು ಮಾಡಿದರು ಎಂಬುದನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಮಟ್ಟಿಗೆ ಸ್ವಲ್ಪ ಹಿಂದಿನಿಂದ ನೋಡಿಕೊಂಡು ಬರೋಣ ಎನಿಸಿತು.

ಮೂರು ತಾಲೂಕು ಎಂದೆವು. 2018ರವರೆಗೆ ಬೈಂದೂರು ಕುಂದಾಪುರದ ಭಾಗವಾಗಿತ್ತು, ಬ್ರಹ್ಮಾವರ ಉಡುಪಿಯ ಭಾಗವಾಗಿತ್ತು. ಗಡಿಗಳು ಮೇಲಿನವರ ಅನುಕೂಲಕ್ಕೆ ಸರಿದಾಡುವುದು ಇಲ್ಲಿಗೆ ಹೊಸತಲ್ಲ. 1862ರಲ್ಲಿ ಉತ್ತರ ಕೆನರಾವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಕೊಟ್ಟಾಗ ಕುಂದಾಪುರ ತಾಲೂಕನ್ನು ಮಾತ್ರ ಮದರಾಸಿನಲ್ಲೇ ಉಳಿಸಿಕೊಂಡರು. ಭಟ್ಕಳದವರು ಒಂದು ಸರ್ಕಾರದ ಪ್ರಜೆಗಳಾದರು, ಕೂಗಳತೆಯ ಶಿರೂರಿನವರು ಇನ್ನೊಂದರ ಪ್ರಜೆಗಳಾದರು. ಎರಡೂ ಊರುಗಳ ನಡುವೆ ಹೆಣ್ಣು ಕೊಟ್ಟು ತಂದ ಮನೆಗಳಿದ್ದವು. ಅವರನ್ನು ಕೇಳಬೇಕೆಂಬ ಆಲೋಚನೆ ಆ ಕಾಲದ ಯಾವ ಅಧಿಕಾರಿಗೂ ಹೊಳೆಯುವಂತಿರಲಿಲ್ಲ.

ಹಾಗೆಂದು ಜನ ಬಾಯಿ ಮುಚ್ಚಿಕೊಂಡಿದ್ದರೆಂದು ತಿಳಿಯಬಾರದು. ಅದಕ್ಕೂ ಮೂವತ್ತು ವರ್ಷ ಹಿಂದೆ ಇದೇ ನೆಲದಲ್ಲಿ 'ಕೂಟ'ಗಳು ನಡೆದಿದ್ದವು.

1799ರಲ್ಲಿ ಟಿಪ್ಪು ಸುಲ್ತಾನರ ಪತನದ ನಂತರ ಕೆನರಾ ಕಂಪನಿಯ ಕೈಸೇರಿತು. ಥಾಮಸ್ ಮನ್ರೋ ಮೊದಲ ಕಲೆಕ್ಟರನಾಗಿ ಬಂದು ಕಂದಾಯ ಗೊತ್ತುಮಾಡಿ ಹೋದ. ಆಮೇಲೆ ಬಂದವರು ಆ ಲೆಕ್ಕವನ್ನು ತಿದ್ದುತ್ತಾ ಹೋದರು. ಭತ್ತದ ಬೆಲೆ ಬಿದ್ದಾಗ ಕಂದಾಯ ಮಾತ್ರ ಬೀಳಲಿಲ್ಲ. 1830ರ ಕೊನೆಯ ಹೊತ್ತಿಗೆ ರೈತರು ಅರ್ಜಿ ಬರೆಯತೊಡಗಿದರು. ಮೊದಲು ಬಂದವು ಬರೀ ಅರ್ಜಿಗಳು: ನಷ್ಟವಾಗಿದೆ, ರಿಯಾಯಿತಿ ಕೊಡಿ. ಅದಕ್ಕೆ ತೃಪ್ತಿಕರ ಉತ್ತರ ಸಿಗದಿದ್ದಾಗ, 1831ರ ಜನವರಿಯ ಹೊತ್ತಿಗೆ ಅವರು ಊರೂರಲ್ಲಿ ಸೇರತೊಡಗಿದರು. ದೇವಸ್ಥಾನದ ಅಂಗಳಗಳಲ್ಲಿ ಸೇರಿದ ಈ ಸಭೆಗಳಿಗೇ ಕೂಟ ಎಂಬ ಹೆಸರು ಬಂತು. ಕಾಸರಗೋಡು, ಮಂಜೇಶ್ವರದಿಂದ ಹಿಡಿದು ಬಂಟ್ವಾಳ, ಮೂಲ್ಕಿಗಳನ್ನು ದಾಟಿ ನಮ್ಮ ಬಾರ್ಕೂರು, ಬ್ರಹ್ಮಾವರಗಳವರೆಗೆ ಅದು ಹಬ್ಬಿತು. ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿ ಎಲ್ಲ ಕಡೆಯವರ ದೊಡ್ಡ ಕೂಟ ಸೇರಿತು. ಜಮಾಬಂದಿಗೆ ಬರುವುದಿಲ್ಲ, ಕಂದಾಯ ಕಟ್ಟುವುದಿಲ್ಲ ಎಂದು ರೈತರು ಕುಳಿತರು. ಘಟ್ಟದ ಮೇಲೆ, ಮೈಸೂರು ಅರಸರ ನಗರ ಸೀಮೆಯಲ್ಲೂ ಅದೇ ವರ್ಷ ಇಂಥದೇ ಕೂಟಗಳು ನಡೆದು ದಂಗೆಯಾಗಿ ಬೆಳೆದವು. ಅದನ್ನೇ ಕಾರಣವಾಗಿಟ್ಟುಕೊಂಡು ಬೆಂಟಿಂಕ್ ಆ ಅಕ್ಟೋಬರಿನಲ್ಲಿ ಮೈಸೂರಿನ ಆಡಳಿತವನ್ನೇ ಕಿತ್ತುಕೊಂಡ.

ಈ ಕಥೆಯಲ್ಲಿ ಎರಡು ವಿಷಯಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನಮ್ಮ ಬಯಕೆ. ಒಂದು, ಅವರು ಬರಹವನ್ನೂ ಬಾಯಿಮಾತನ್ನೂ ಜೊತೆಜೊತೆಗೆ ಬಳಸಿದರು. ಅರ್ಜಿ ಕಚೇರಿಗೆ ಹೋಗುತ್ತಿತ್ತು, ಅರ್ಜಿಯ ಹಿಂದೆ ಜನ ಅಂಗಳದಲ್ಲಿ ಕುಳಿತಿರುತ್ತಿದ್ದರು. ಕಾಗದ ಒಂದೇ ಹೋಗಿದ್ದರೆ ಕಡತದಲ್ಲಿ ಮಲಗುತ್ತಿತ್ತು. ಜನ ಸುಮ್ಮನೆ ಸೇರಿದ್ದರೆ ಗಲಭೆ ಎನಿಸಿಕೊಳ್ಳುತ್ತಿತ್ತು. ಎರಡು, ಅಧಿಕಾರಿಗಳಿಗೆ ಹುಟ್ಟಿದ ಸಂಶಯ. ಇಷ್ಟು ಊರಿನವರು ಒಂದೇ ಮಾತನ್ನು ಬರೆಯುತ್ತಿದ್ದಾರೆಂದರೆ ಇದು ಅವರ ಮಾತಾಗಿರಲಿಕ್ಕಿಲ್ಲ, ಹಿಂದೆ ಯಾರೋ ಇದ್ದಾರೆ ಎಂದು ಅವರು ಹುಡುಕತೊಡಗಿದರು. ಕಚೇರಿಯೊಳಗಿನ ಸ್ಥಳೀಯ ನೌಕರರ ಪೈಪೋಟಿಯೇ ಇದಕ್ಕೆಲ್ಲ ಮೂಲ ಎಂಬ ಮಾತು ಬಲವಾಗಿ ಬಂತು. ಒಳಸಂಚು ಇದ್ದಿರಲೂಬಹುದು. ಆದರೆ ಭತ್ತದ ಬೆಲೆ ಬಿದ್ದದ್ದು ಯಾವ ಶಿರಸ್ತೇದಾರನ ಒಳಸಂಚು? ಈ ಪ್ರಶ್ನೆಗೆ ನಾವು ಮತ್ತೆ ಬರಲಿಕ್ಕಿದೆ.

ಕೂಟಗಳನ್ನು ಹೊಗಳುವಾಗ ಒಂದು ಎಚ್ಚರವೂ ಬೇಕು. ದೇವಸ್ಥಾನದ ಅಂಗಳದಲ್ಲಿ ಕುಳಿತವರು ಮುಖ್ಯವಾಗಿ ವರ್ಗದಾರರು, ಅಂದರೆ ಕಂದಾಯ ಕಟ್ಟುವ ಭೂಮಾಲೀಕರು. ಅವರ ಗದ್ದೆಯಲ್ಲಿ ದುಡಿದವರಿಗೆ ಆ ಅಂಗಳದೊಳಕ್ಕೆ ಕಾಲಿಡುವ ಹಕ್ಕೇ ಇರಲಿಲ್ಲ. ನಮ್ಮ ಕರಾವಳಿಯಲ್ಲಿ ಡೋಲು ಕೊರಗರ ಹೆಗಲಿನ ಮೇಲಿತ್ತು. ಕಂಬಳಕ್ಕೆ, ಊರ ಕಾರ್ಯಗಳಿಗೆ ಅವರು ಬಂದು ಬಾರಿಸಲೇಬೇಕಿತ್ತು. ಊರಿಗೆಲ್ಲ ಕೇಳುವ ಸದ್ದು ಮಾಡಬೇಕು, ಸಭೆಯಲ್ಲಿ ಮಾತ್ರ ಕಾಣಿಸಿಕೊಳ್ಳಬಾರದು. ಈ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ ಬಂದದ್ದು 2000ದಲ್ಲಿ. ಹಳೆಯ ಮಾಧ್ಯಮವೆಂದರೆ ಆತ್ಮೀಯ, ಹೊಸ ಮಾಧ್ಯಮವೆಂದರೆ ನಿರ್ಭಾವ ಎಂದು ಈಗೀಗ ಬಹಳ ಮಂದಿ ಬರೆಯುತ್ತಾರೆ. ಡೋಲು ಹೊತ್ತವರನ್ನು ಕೇಳಿದರೆ ಅವರು ಹಾಗೆ ಹೇಳುತ್ತಿದ್ದರೆಂದು ನಮಗೆ ಅನಿಸುವುದಿಲ್ಲ.

ಮುಂದೆ ಅಚ್ಚಿನ ಕಾಲ ಬಂತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ್ದು ಎಲ್ಲರಿಗೂ ಗೊತ್ತು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಇಪ್ಪತ್ತರ ಹರೆಯದಲ್ಲಿ 'ವಸಂತ' ಎಂಬ ಪತ್ರಿಕೆ ನಡೆಸಿದರು. ಆಮೇಲೆ ರೇಡಿಯೋ ಬಂತು. ಆಕಾಶವಾಣಿಯ ಪ್ರಸಾರ ಗೋಪುರ ನಮ್ಮ ಬ್ರಹ್ಮಾವರದಲ್ಲೇ ಎದ್ದಿತು. ಇವೆಲ್ಲ ಮೇಲಿನಿಂದ ಕೆಳಗೆ ಹರಿಯುವ ನೀರು. ಮಾತು ಬರುತ್ತಿತ್ತು, ಹೋಗಲು ಅದೇ ಹಳೆಯ ಅರ್ಜಿಯೇ ಗತಿ. ಅರ್ಜಿ ಬರೆಯುವವರು ತಾಲೂಕು ಕಚೇರಿಯ ಮುಂದೆ ಕೊಡೆಯ ಕೆಳಗೆ ಕುಳಿತಿರುತ್ತಿದ್ದರು. ಹೇಳಿದ್ದೊಂದು, ಅವರು ಬರೆದದ್ದೊಂದು, ಓದಿದವರು ತಿಳಿದದ್ದು ಇನ್ನೊಂದು.

ಜನರನ್ನು ಕೇಳಲೇಬೇಕು ಎಂಬುದು ಕಾನೂನಾಗಿ ಬಂದದ್ದು ತೀರ ಇತ್ತೀಚೆಗೆ. 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮಸಭೆಗೆ ಹೊಸ ಜೀವ ಕೊಟ್ಟಿತು. 1997ರಲ್ಲಿ ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ಕೊಡುವ ಮುನ್ನ ಸಾರ್ವಜನಿಕ ವಿಚಾರಣೆ ನಡೆಸುವುದು ಕಡ್ಡಾಯವಾಯಿತು. 2006ರ ಸೆಪ್ಟೆಂಬರ್ 14ರ ಅಧಿಸೂಚನೆ ಇದಕ್ಕೆ ವಿವರವಾದ ಕ್ರಮ ಹಾಕಿಕೊಟ್ಟಿತು. ಆ ಅಧಿಸೂಚನೆಯನ್ನು ಓದುವಾಗ ನಮಗೆ ಒಂದು ಕಥೆ ಓದಿದಷ್ಟು ಖುಷಿಯಾಯಿತು. ವರದಿಯ ಸಾರಾಂಶ ಮಂಡಳಿಯ ವೆಬ್‌ಸೈಟಿನಲ್ಲಿ ಇರಬೇಕು. ಸ್ಥಳೀಯ ಭಾಷೆಯಲ್ಲೂ ಇರಬೇಕು. ಜಿಲ್ಲಾಧಿಕಾರಿ ಕಚೇರಿ, ಪಂಚಾಯತ್ ಕಚೇರಿಗಳಲ್ಲಿ ಪ್ರತಿ ಇಡಬೇಕು. ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿ, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಕನಿಷ್ಠ 30 ದಿನ ಸಮಯ ಕೊಡಬೇಕು. ಪತ್ರಿಕೆ ತಲುಪದ ಕಡೆ? ಡಂಗುರ ಸಾರಿಸಬೇಕು! ಹೌದು, ವೆಬ್‌ಸೈಟೂ ಡಂಗುರವೂ ಒಂದೇ ಆದೇಶದಲ್ಲಿವೆ. ವಿಚಾರಣೆಯನ್ನು ವಿಡಿಯೋದಲ್ಲಿ ಚಿತ್ರಿಸಬೇಕು, ಕೊನೆಗೆ ನಡೆದದ್ದರ ಸಾರವನ್ನು ಜನರ ಭಾಷೆಯಲ್ಲಿ ಅವರ ಎದುರೇ ಓದಿ ಹೇಳಬೇಕು.

ಇದನ್ನು ಬರೆದ ಅಧಿಕಾರಿ ಯಾರೋ, ಹಳ್ಳಿ ಕಂಡವರಿರಬೇಕು. ಆದರೆ ಅದೇ ಅಧಿಸೂಚನೆಯಲ್ಲಿ ಇನ್ನೊಂದು ಸಾಲೂ ಇದೆ. ವಿಚಾರಣೆ ಆರಂಭಿಸಲು ಇಷ್ಟೇ ಜನ ಇರಬೇಕೆಂಬ ಕೋರಂ ಇಲ್ಲ. ಹೇಳಿಕೆ ಮಾಡಲೇಬೇಕು, ನೆಂಟರು ಬಾರದಿದ್ದರೂ ಮದುವೆ ನಡೆಯುತ್ತದೆ.

ನಮ್ಮ ಮೂರು ತಾಲೂಕುಗಳ ಪೂರ್ವದ ಅಂಚಿನಲ್ಲಿ ಘಟ್ಟ ನಿಂತಿದೆ. ಆ ಘಟ್ಟದ ವಿಚಾರದಲ್ಲಿ ಜನರನ್ನು ಕೇಳಿದ ರೀತಿ ಪಶ್ಚಿಮ ಘಟ್ಟದ ಮರಗಳಷ್ಟೇ ಜಟಿಲ. 2010ರಲ್ಲಿ ಮಾಧವ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರ ತಜ್ಞರ ಸಮಿತಿಯೊಂದನ್ನು ಮಾಡಿತು. 2011ರ ಆಗಸ್ಟಿನಲ್ಲಿ ವರದಿ ಬಂತು. ಇದನ್ನು ಪ್ರಾದೇಶಿಕ ಭಾಷೆಗಳಿಗೆ ಅನುವಾದಿಸಿ ಗ್ರಾಮಸಭೆಗಳ ಮುಂದಿಡಿ, ಯಾವ ಗಡಿ ಎಲ್ಲಿರಬೇಕೆಂದು ಅಲ್ಲಿಂದ ತೀರ್ಮಾನವಾಗಲಿ ಎಂಬುದು ಗಾಡ್ಗೀಳರ ಆಶಯ. ಆದದ್ದೇ ಬೇರೆ. ಸಚಿವಾಲಯ ವರದಿಯನ್ನು ತಿಂಗಳುಗಟ್ಟಲೆ ಮುಚ್ಚಿಟ್ಟುಕೊಂಡಿತು. ಕೇರಳದ ಒಬ್ಬರು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಮಾಹಿತಿ ಆಯೋಗ ಆದೇಶ ಮಾಡಿ, ದೆಹಲಿ ಹೈಕೋರ್ಟಿನಲ್ಲೂ ಸಚಿವಾಲಯಕ್ಕೆ ಸೋಲಾಗಿ, 2012ರ ಮೇ ತಿಂಗಳಲ್ಲಿ ಅದು ವೆಬ್‌ಸೈಟಿಗೆ ಬಂತು. ಇಂಗ್ಲಿಷಿನಲ್ಲಿ. ಕೊಟ್ಟ ಸಮಯ 45 ದಿನ.

ಅಭಿಪ್ರಾಯ ಬಂದವು. ಆ ಬಳಿಕ ಕಸ್ತೂರಿರಂಗನ್ ಅವರ ನೇತೃತ್ವದ ಎರಡನೇ ಸಮಿತಿ ಅವನ್ನು ಎಣಿಸಿತು: ಸುಮಾರು 1,750 ಪ್ರತಿಕ್ರಿಯೆಗಳು, ಅವುಗಳಲ್ಲಿ ಶೇಕಡಾ 81 ವರದಿಯ ವಿರುದ್ಧ. ಆರು ರಾಜ್ಯಗಳ, ಕೋಟಿಗಟ್ಟಲೆ ಜನರ ಬದುಕಿನ ಪ್ರಶ್ನೆಗೆ 1,750 ಉತ್ತರ! ಇಂಗ್ಲಿಷ್ ಓದಬಲ್ಲ, ದೆಹಲಿಯ ವಿಳಾಸ ಗೊತ್ತಿದ್ದ, ಬರೆದರೆ ಏನಾದರೂ ಆದೀತೆಂಬ ನಂಬಿಕೆಯಿದ್ದ ಅಥವಾ ಬರೆಯಿಸುವ ಹಿತಾಸಕ್ತಿಯಿದ್ದ ಕೆಲವರ ಮಾತು ಅದು. ಅದನ್ನೇ ಜನಾಭಿಪ್ರಾಯವೆಂದು ಶೇಕಡಾವಾರು ಲೆಕ್ಕ ಹಾಕಿದರು. ಗಾಡ್ಗೀಳರ ವರದಿಯ ಶಿಫಾರಸುಗಳೆಲ್ಲ ಸರಿಯೆಂದು ನಾವು ವಾದಿಸುತ್ತಿಲ್ಲ. ಕೇಳುವ ಕ್ರಮ ಮಾತ್ರ ಅವರದೇ ಸರಿಯಿತ್ತು, ಅದನ್ನು ಯಾರೂ ಪಾಲಿಸಲಿಲ್ಲ.

ಕಸ್ತೂರಿರಂಗನ್ ವರದಿ 2013ರ ಏಪ್ರಿಲ್‌ನಲ್ಲಿ ಬಂತು. ಉಪಗ್ರಹದ ಚಿತ್ರಗಳನ್ನು ಆಧರಿಸಿ ಅದು ಸುಮಾರು 60,000 ಚದರ ಕಿಲೋಮೀಟರ್ ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಗುರುತಿಸಿತು. ಕರ್ನಾಟಕದ ಪಾಲಿಗೆ ಬಂದದ್ದು 20,668 ಚದರ ಕಿಲೋಮೀಟರ್, 1,576 ಹಳ್ಳಿಗಳು. ಕೊಲ್ಲೂರು, ಜಡ್ಕಲ್, ಮುದೂರುಗಳಂಥ ಹಳ್ಳಿಗಳು ಪಟ್ಟಿಯಲ್ಲಿ ಸೇರಿದವು. ಕರಡು ಅಧಿಸೂಚನೆ ಮೊದಲು ಹೊರಬಿದ್ದದ್ದು 2014ರ ಮಾರ್ಚ್ 10ರಂದು. ಗೆಜೆಟಿನಲ್ಲಿ, ಹಿಂದಿ ಮತ್ತು ಇಂಗ್ಲಿಷಿನಲ್ಲಿ. 60 ದಿನಗಳೊಳಗೆ ಅಂಚೆಯಲ್ಲೋ ಇ-ಮೇಲ್‌ನಲ್ಲೋ ಆಕ್ಷೇಪಣೆ ಕಳುಹಿಸಬೇಕು.

ಮುದೂರಿನ ರಬ್ಬರ್ ತೋಟದವರಲ್ಲಿ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತರಿದ್ದಾರೆ, ಕುಂದಗನ್ನಡದ ರೈತರಿದ್ದಾರೆ, ಕಾಡಂಚಿನ ಕುಡುಬಿ ಮನೆಗಳಿವೆ. ಗೆಜೆಟ್ ಎಂಬುದು ಇವರಲ್ಲಿ ಎಷ್ಟು ಮನೆಗೆ ಬರುತ್ತದೆ? ಬಂದದ್ದು ಸುದ್ದಿ, ಅದೂ ವದಂತಿಯ ರೂಪದಲ್ಲಿ. ಮನೆ ಕಟ್ಟುವಂತಿಲ್ಲವಂತೆ, ಸೊಪ್ಪು ಕಡಿಯುವಂತಿಲ್ಲವಂತೆ, ಎಬ್ಬಿಸುತ್ತಾರಂತೆ. ವರದಿಯಲ್ಲಿ ಇದ್ದದ್ದು ಗಣಿ, ಕಲ್ಲು ಕ್ವಾರಿ, ಮರಳು, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ ಕೈಗಾರಿಕೆ, ದೊಡ್ಡ ಕಟ್ಟಡಗಳ ಮೇಲಿನ ನಿರ್ಬಂಧ. ಅದನ್ನು ಊರಿನ ಮಾತಿನಲ್ಲಿ ಹೇಳಿಕೊಡಲು ಯಾರೂ ಬಾರದೆ ಇದ್ದುದರಿಂದ, ಯಾರಿಗೆ ಕ್ವಾರಿಯಿತ್ತೋ ಅವರೇ ಬಂದು ಹೇಳಿಕೊಟ್ಟರು. ಇದರಲ್ಲಿ ಹಳ್ಳಿಯವರನ್ನು ಮೂರ್ಖರೆನ್ನುವುದು ಅನ್ಯಾಯ. ಕುಮ್ಕಿ, ಅರಣ್ಯ, ಡೀಮ್ಡ್ ಅರಣ್ಯಗಳ ಹೆಸರಿನಲ್ಲಿ ದಶಕಗಟ್ಟಲೆ ಕಚೇರಿ ಅಲೆದವರಿಗೆ ಇನ್ನೊಂದು ಕಾಗದದ ಮೇಲೆ ನಂಬಿಕೆ ಬರುವುದಾದರೂ ಹೇಗೆ?

ಕರಡು ಒಮ್ಮೆ ಅಲ್ಲ, ಆರು ಸಲ ಹೊರಬಿತ್ತು. 2014, 2015, 2017, 2018, 2022, ಕೊನೆಗೆ 2024ರ ಜುಲೈ 31. ವಯನಾಡಿನ ಗುಡ್ಡ ಕುಸಿದು ಊರುಗಳೇ ಮಣ್ಣುಪಾಲಾದ ಮರುದಿನ. ಪ್ರತಿ ಸಲವೂ ಹೊಸದಾಗಿ 60 ದಿನ, ಹೊಸದಾಗಿ ಆಕ್ಷೇಪಣೆ. ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನೇ ತಿರಸ್ಕರಿಸಿತು. ಹತ್ತು ವರ್ಷಗಳಲ್ಲಿ ಒಮ್ಮೆಯಾದರೂ ಆ ನಕ್ಷೆಯನ್ನು ದೊಡ್ಡದಾಗಿ ಅಚ್ಚುಹಾಕಿ ಪಂಚಾಯತಿಯ ಗೋಡೆಗೆ ತೂಗುಹಾಕಿ, ತಿಳಿದವರೊಬ್ಬರು ಬೆತ್ತ ಹಿಡಿದು, ಇದು ನಿಮ್ಮ ಹೊಳೆ, ಇದು ನಿಮ್ಮ ತೋಟ ಎಂದು ತೋರಿಸುವ ಕೆಲಸ ಪ್ರತಿ ಹಳ್ಳಿಯಲ್ಲೂ ಆಗಿದ್ದರೆ? ಅದಕ್ಕೆ ಉಪಗ್ರಹವೂ ಬೇಕು, ಬೆತ್ತವೂ ಬೇಕು.

2020ರಲ್ಲಿ ಇನ್ನೊಂದು ಪ್ರಸಂಗ. ಲಾಕ್‌ಡೌನಿನ ನಡುವೆ ಕೇಂದ್ರ ಸರ್ಕಾರ ಪರಿಸರ ಪರಿಣಾಮ ಅಧ್ಯಯನದ ಹೊಸ ಕರಡನ್ನು ಪ್ರಕಟಿಸಿತು. ಸಾರ್ವಜನಿಕ ವಿಚಾರಣೆಗೆ ಕೊಡುವ ನೋಟಿಸಿನ ಅವಧಿಯನ್ನು 30ರಿಂದ 20 ದಿನಕ್ಕೆ ಇಳಿಸುವ ಪ್ರಸ್ತಾಪ ಅದರಲ್ಲಿತ್ತು. ಅಂಚೆ ಸರಿಯಾಗಿ ಓಡುತ್ತಿರಲಿಲ್ಲ, ಸಭೆ ಸೇರುವಂತಿರಲಿಲ್ಲ, ಇ-ಮೇಲ್ ಒಂದೇ ದಾರಿ. ಈ ಸಲ ಪಟ್ಟಣದ ಹುಡುಗ ಹುಡುಗಿಯರು ಲಕ್ಷಗಟ್ಟಲೆ ಇ-ಮೇಲ್ ಕಳುಹಿಸಿದರು. ದೆಹಲಿ ಹೈಕೋರ್ಟ್ ಜೂನ್ 30ರಂದು ಕೊಟ್ಟ ಆದೇಶ ಮುಖ್ಯವಾದುದು: ಕರಡನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೆ ಅನುವಾದಿಸಿ. ಸರ್ಕಾರ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಯಿತು. ನಮ್ಮ ರಾಜ್ಯದ ಹೈಕೋರ್ಟ್ ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆ ಕೊಟ್ಟಿತು. ತನ್ನ ಭಾಷೆಯಲ್ಲಿ ಕೇಳಿಸಿಕೊಳ್ಳುವ ಹಕ್ಕಿಗಾಗಿ ನಾಗರಿಕ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ಎರಡು ದಾರಿಗಳನ್ನೂ ಜೋಡಿಸಿದ ಊರುಗಳು ಜಗತ್ತಿನಲ್ಲಿ ಇಲ್ಲವೆಂದಲ್ಲ. ಬ್ರೆಜಿಲಿನ ಬೆಲೊ ಹೊರಿಜಾಂಟಿಯಲ್ಲಿ 1993ರಿಂದ ಬಡಾವಣೆಯ ಜನ ಸಭೆ ಸೇರಿ ನಗರದ ಬಜೆಟಿನ ಒಂದು ಪಾಲನ್ನು ತಾವೇ ತೀರ್ಮಾನಿಸುತ್ತಿದ್ದರು. 2006ರಲ್ಲಿ ಅದರ ಜೊತೆಗೆ ಇಂಟರ್‌ನೆಟ್ ಮತದಾನವನ್ನೂ ಸೇರಿಸಿದರು. ಕಂಪ್ಯೂಟರ್ ಇಲ್ಲದವರಿಗಾಗಿ ಊರಲ್ಲೆಲ್ಲ ಮತದಾನ ಕೇಂದ್ರಗಳನ್ನು ತೆರೆದರು. 1 ಲಕ್ಷ 72 ಸಾವಿರಕ್ಕೂ ಹೆಚ್ಚು ಜನ ಮತ ಹಾಕಿದರು. ಸಭೆಗೆ ಎಂದೂ ಬಾರದವರು ಬಂದರು. ಆದರೆ ಸಭೆಯಲ್ಲಿ ಎದುರಾಳಿಯ ಮಾತು ಕೇಳಿ ಮನಸ್ಸು ಬದಲಿಸುವ ಅವಕಾಶ ಬೆರಳಿನ ಒಂದು ಒತ್ತಿಗೆ ಇಲ್ಲ. ಆದ್ದರಿಂದಲೇ ಹೊಸತನ್ನು ಹಳೆಯದರ ಜಾಗಕ್ಕೆ ತರದೆ ಪಕ್ಕದಲ್ಲಿಟ್ಟದ್ದು ಜಾಣತನವಾಗಿತ್ತು.

ಇನ್ನು ನಮ್ಮ ಸಮುದಾಯದ ಮಾತಿಗೆ ಬರೋಣ. 21ನೇ ಕಾನೂನು ಆಯೋಗ 2016ರಲ್ಲಿ ಸಮಾನ ನಾಗರಿಕ ಸಂಹಿತೆಯ ಬಗ್ಗೆ ಪ್ರಶ್ನಾವಳಿ ಹೊರಡಿಸಿದಾಗ ಮುಸ್ಲಿಂ ಪರ್ಸನಲ್ ಲಾ ಬೋರ್ಡ್ ಅದನ್ನು ಬಹಿಷ್ಕರಿಸಿ ಸಹಿ ಸಂಗ್ರಹಕ್ಕೆ ಇಳಿಯಿತು. ಆಯೋಗಕ್ಕೆ ಬಂದ ಉತ್ತರಗಳು 75,378. ಅವನ್ನು ಓದಿ, 2018ರ ಆಗಸ್ಟಿನಲ್ಲಿ ಆಯೋಗ, ಇಂಥ ಸಂಹಿತೆ ಈ ಹಂತದಲ್ಲಿ ಅಗತ್ಯವೂ ಅಲ್ಲ, ಅಪೇಕ್ಷಣೀಯವೂ ಅಲ್ಲ ಎಂದಿತು. 2023ರ ಜೂನ್‌ನಲ್ಲಿ 22ನೇ ಆಯೋಗ ಅದನ್ನೇ ಮತ್ತೆ ಕೇಳಿದಾಗ ಕಾಲ ಬದಲಾಗಿತ್ತು. ಬೋರ್ಡೇ ಈ ಸಲ ಇ-ಮೇಲ್ ಕಳುಹಿಸಲು ಕರೆ ಕೊಟ್ಟಿತು. ಲಕ್ಷಾಂತರ ಉತ್ತರಗಳು ಬಂದವು. ಆ ಆಯೋಗದ ಅವಧಿ 2024ರ ಆಗಸ್ಟ್ ಕೊನೆಗೆ ಮುಗಿಯಿತು. ವರದಿ ಬರಲಿಲ್ಲ.

ಆ ಹೊತ್ತಿಗೆ ವಕ್ಫ್ ತಿದ್ದುಪಡಿ ಮಸೂದೆ ಬಂದಾಗಿತ್ತು. ಆಗಸ್ಟ್ 8ರಂದು ಲೋಕಸಭೆಯಲ್ಲಿ ಮಂಡನೆಯಾಗಿ ಜಂಟಿ ಸಂಸದೀಯ ಸಮಿತಿಗೆ ಹೋಯಿತು. ಸಮಿತಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟಿತು: 15 ದಿನಗಳೊಳಗೆ ಮನವಿ ಕಳುಹಿಸಿ, ಅಂಚೆ, ಫ್ಯಾಕ್ಸ್ ಅಥವಾ ಇ-ಮೇಲ್ ಮೂಲಕ, ಇಂಗ್ಲಿಷ್ ಅಥವಾ ಹಿಂದಿಯಲ್ಲಿ.

ಸೆಪ್ಟೆಂಬರಿನ ಒಂದು ಶುಕ್ರವಾರ ನಮ್ಮ ಊರಿನ ಮಸೀದಿಯಲ್ಲಿ, ವುಝೂ ಮಾಡುವ ಹೌಜಿನ ಪಕ್ಕದ ಗೋಡೆಗೆ ಕ್ಯೂಆರ್ ಕೋಡಿನ ಕಾಗದ ಅಂಟಿಸಿದ್ದರು. ಖತೀಬರು ಜುಮಾದ ನಂತರ ಮೈಕಿನಲ್ಲಿ ಹೇಳಿದರು, ಹುಡುಗರು ಬಾಗಿಲಲ್ಲಿ ನಿಂತು ತೋರಿಸಿಕೊಟ್ಟರು. ಮೊಬೈಲ್ ಹಿಡಿದರೆ ಸಾಕು, ಇಂಗ್ಲಿಷಿನ ಸಿದ್ಧ ಪತ್ರ ತೆರೆದುಕೊಳ್ಳುತ್ತಿತ್ತು, ಒಂದು ಗುಂಡಿ ಒತ್ತಿದರೆ ಹೋಗುತ್ತಿತ್ತು. ಇಷ್ಟು ಅಚ್ಚುಕಟ್ಟಾಗಿ ನಮ್ಮ ಜಮಾಅತಿನಲ್ಲಿ ಈದಿನ ಚಂದಾ ಲೆಕ್ಕ ಕೂಡ ನಡೆದದ್ದಿಲ್ಲ. ದುಬೈ, ಮಸ್ಕತ್ತಿನಲ್ಲಿದ್ದ ಊರಿನ ಹುಡುಗರು, ಬೆಂಗಳೂರಿನಲ್ಲಿ ಓದುತ್ತಿದ್ದ ಹುಡುಗಿಯರು ಅಲ್ಲಿಂದಲೇ ಕಳುಹಿಸಿದರು. ಕಾಗದ ಅಂಟಿಸಿದ್ದು ಗಂಡಸರು ಮಾತ್ರ ಬರುವ ಗೋಡೆಗೆ. ಆದರೆ ಅದರ ಚಿತ್ರ ವಾಟ್ಸಪ್ಪಿನಲ್ಲಿ ಅಡುಗೆ ಮನೆಗಳಿಗೆ ಹೋಗಿ, ಸಂಜೆಯ ಹೊತ್ತಿಗೆ ಹೆಂಗಸರೇ ಹೆಚ್ಚು ಕಳುಹಿಸಿದ್ದರು. ಹಜ್ರತ್ ಉಮರ್ ಖುತ್ಬಾದಲ್ಲಿ ಮಹರ್‌ಗೆ ಮಿತಿ ಹಾಕಹೊರಟಾಗ ಹೆಣ್ಣುಮಗಳೊಬ್ಬಳು ಎದ್ದುನಿಂತು ತಡೆದಳೆಂಬ ಕಥೆಯನ್ನು ನಾವು ಎಷ್ಟು ಬಾರಿ ಕೇಳಿದ್ದೇವೆ! ಅದರ ಸನದಿನ ಬಗ್ಗೆ ವಿದ್ವಾಂಸರಲ್ಲಿ ತಕರಾರಿದೆ, ಇರಲಿ. ಎದ್ದುನಿಲ್ಲಲು ಅವಳು ಮಸೀದಿಯೊಳಗೆ ಇರಬೇಕಿತ್ತಲ್ಲ? ನಮ್ಮ ಮಸೀದಿಗಳಲ್ಲಿ ಇಲ್ಲದ ಆ ಜಾಗವನ್ನು ವಾಟ್ಸಪ್ಪು ಒಂದು ಸಂಜೆಯ ಮಟ್ಟಿಗೆ ಕೊಟ್ಟಿತು.

ಅಂದು ಒಬ್ಬ ಹಿರಿಯರು ನಮ್ಮ ಬಳಿ ಬಂದು ಕುಳಿತರು. ದೋಣಿಯಲ್ಲಿ ದುಡಿದು ಸೊಂಟ ಬಿದ್ದವರು. ಉರ್ದುವನ್ನು ಕೂಡಿಸಿ ಓದಬಲ್ಲರು, ಕನ್ನಡದಲ್ಲಿ ಸಹಿಯಷ್ಟೆ. "ಹ್ವಾಯ್ ಮೇಷ್ಟ್ರೇ, ಇದ್ರಗ್ ಎಂತ ಬರ್ದಿತ್?" ಎಂದರು. ಓದಿ ಅರ್ಥ ಹೇಳಿದೆವು. ಸಂವಿಧಾನದ ವಿಧಿಗಳು, ಧಾರ್ಮಿಕ ಸ್ವಾತಂತ್ರ್ಯ, ಕಲೆಕ್ಟರರ ಅಧಿಕಾರ. ಅವರು ತಲೆಯಾಡಿಸಿ, ಎಲ್ಲ ಸರಿ, ನಮ್ಮ ತೋಟದ ಮಾತು ಎಲ್ಲಿದೆ ಎಂದು ಕೇಳಿದರು. ಅವರ ಅಜ್ಜ ಹತ್ತಿಪ್ಪತ್ತು ತೆಂಗಿನ ಮರಗಳ ತೋಟವೊಂದನ್ನು ಮಸೀದಿಗೆ ಬಿಟ್ಟದ್ದು ಬಾಯಿಮಾತಿನಲ್ಲಿ. ಜುಮಾದ ನಂತರ ಎದ್ದುನಿಂತು, ಇಷ್ಟು ಜನರ ಎದುರು, ಇದು ಅಲ್ಲಾಹನದು ಎಂದರಂತೆ. ಅಂದಿನಿಂದ ಕಾಯಿ ಮಸೀದಿಗೆ ಬರುತ್ತಿದೆ. ಕಾಗದ ಇಲ್ಲ. ಇಂಥದ್ದನ್ನೇ ಕಾನೂನಿನಲ್ಲಿ 'ಬಳಕೆಯಿಂದ ವಕ್ಫ್' ಎನ್ನುತ್ತಾರೆ. ಮಸೂದೆ ತೆಗೆದುಹಾಕಲು ಹೊರಟದ್ದು ಅದನ್ನೇ.

ಸಿದ್ಧ ಪತ್ರದಲ್ಲಿ ಅದಕ್ಕೂ ಒಂದು ಸಾಲು ಇತ್ತು. ಅವರಿಗೆ ಅದು ಸಾಲಲಿಲ್ಲ. ತಮ್ಮ ಮಾತು ತಮ್ಮದಾಗಿಯೇ ಹೋಗಬೇಕೆಂದರು. ಅವರು ದಖ್ಖನಿಯಲ್ಲೂ ಕುಂದಗನ್ನಡದಲ್ಲೂ ಬೆರೆಸಿ ಹೇಳುತ್ತ ಹೋದರು, ನಾವು ಕನ್ನಡದಲ್ಲಿ ಬರೆದುಕೊಂಡೆವು, ಅವರ ಮೊಮ್ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿ ತನ್ನ ಮೊಬೈಲಿನಿಂದ ಕಳುಹಿಸಿದಳು.

ಸಮಿತಿಗೆ ತಲುಪಿದ ಮನವಿಗಳ ಸಂಖ್ಯೆ 97 ಲಕ್ಷ ದಾಟಿತು. ಕೂಟದ ಕಾಲದ ಸಂಶಯವೂ ಜೊತೆಗೆ ಬಂತು. ಸಮಿತಿಯ ಸದಸ್ಯರೊಬ್ಬರು, ಇಷ್ಟೊಂದು ಇ-ಮೇಲ್ ಬಂದ ಹಿಂದೆ ವಿದೇಶಿ ಕೈವಾಡವಿದೆಯೇ ಎಂದು ತನಿಖೆಯಾಗಬೇಕೆಂದು ಬರೆದರು. 1831ರಲ್ಲಿ ಶಿರಸ್ತೇದಾರ, 2024ರಲ್ಲಿ ವಿದೇಶ. ಆದರೆ ನಮ್ಮ ಕಡೆಯ ತಪ್ಪನ್ನೂ ಹೇಳಲೇಬೇಕು. ಒಂದೇ ಅಚ್ಚಿನ ಲಕ್ಷಾಂತರ ಪತ್ರಗಳು ಒಂದೇ ಪತ್ರವೆಂದು ಓದಿಸಿಕೊಳ್ಳುವುದು ಸುಲಭ. ಪ್ರತಿ ಜಮಾಅತ್ ತನ್ನ ತೋಟ, ತನ್ನ ಕಬರಸ್ತಾನದ ಕಥೆಯನ್ನು ಒಂದೊಂದು ಪುಟದಲ್ಲಿ ಬರೆದು ಕಳುಹಿಸಿದ್ದರೆ ಸಂಖ್ಯೆ ಸಾವಿರಗಳಿಗೆ ಇಳಿಯುತ್ತಿತ್ತು, ಓದುವವರಿಗೆ ಮಾತ್ರ ಕಷ್ಟವಾಗುತ್ತಿತ್ತು. ಗುಂಡಿ ಒತ್ತುವುದು ಸುಲಭವಾದ್ದರಿಂದ ಕುಳಿತು ಬರೆಯುವ ಕೆಲಸವನ್ನು ನಾವು ಬಿಟ್ಟೆವು.

ಇನ್ನೊಂದು ಮಾತೂ ಇದೆ. ಅದೇ ವರ್ಷದ ಅಕ್ಟೋಬರ್, ನವೆಂಬರಿನಲ್ಲಿ ವಿಜಯಪುರದ ಕಡೆಯ ರೈತರು, ತಮ್ಮ ಜಮೀನನ್ನು ವಕ್ಫ್ ಆಸ್ತಿಯೆನ್ನುವ ನೋಟಿಸುಗಳು ಬಂದಿವೆ ಎಂದು ಬೀದಿಗಿಳಿದರು. ಅದು ರಾಜಕೀಯವಾಯಿತು, ನಿಜ. ಸಮಿತಿಯ ಅಧ್ಯಕ್ಷರು ಹುಬ್ಬಳ್ಳಿ, ವಿಜಯಪುರಕ್ಕೆ ಬಂದು ಹೋದರು, ರಾಜ್ಯ ಸರ್ಕಾರ ನೋಟಿಸು ಹಿಂದೆಗೆದುಕೊಂಡಿತು. ಆದರೆ ತಲೆಮಾರುಗಳಿಂದ ಉತ್ತ ನೆಲದ ಬಗ್ಗೆ ಒಂದು ದಿನ ಹಠಾತ್ತನೆ ಕಾಗದ ಬಂದಾಗ ಆಗುವ ದಿಗಿಲು ಮುದೂರಿನವರಿಗೂ ಗೊತ್ತು, ನಮ್ಮ ತೋಟದ ಹಿರಿಯರಿಗೂ ಗೊತ್ತು. ಹೇಳಿಕೆಯಿಲ್ಲದೆ ನಮ್ಮ ಕಡೆಯಿಂದ ಹೋದ ಕಾಗದವಾದರೂ ಅದು ತಪ್ಪೇ.

ಕುಂದಾಪುರದ ಹೆಸರನ್ನು ದೂರದ ದೇಶದವರು ಕೇಳಿದ್ದು 2022ರ ಫೆಬ್ರವರಿಯಲ್ಲಿ, ಹಿಜಾಬ್ ಧರಿಸಿದ ಹೆಣ್ಣುಮಕ್ಕಳ ಮುಂದೆ ಕಾಲೇಜಿನ ಗೇಟು ಮುಚ್ಚಿದಾಗ. ಸರಳುಗಳ ಆಚೆಯಿಂದ ಅವರು ಕೇಳಿಕೊಳ್ಳುತ್ತಿದ್ದ ಮಾತು ಮೊಬೈಲುಗಳ ಮೂಲಕ ಅರ್ಧ ದಿನದಲ್ಲಿ ಜಗತ್ತನ್ನೇ ಸುತ್ತಿತು. ಗೇಟಿನ ಈಚೆಗೆ ಎರಡು ಮಾರು ದಾಟಲು ಮಾತ್ರ ಅದಕ್ಕೆ ಆಗಲಿಲ್ಲ. ಊರಿನ ಹಿರಿಯರು, ಎರಡೂ ಸಮುದಾಯದವರು, ಗೇಟಿನ ಬಳಿ ಒಂದು ಬೆಂಚು ಹಾಕಿ ಕುಳಿತಿದ್ದರೆ ಎಂದು ನಮಗೆ ಈಗಲೂ ಅನಿಸುತ್ತದೆ.

ಸಮಿತಿ 2025ರ ಜನವರಿ 30ರಂದು ವರದಿ ಒಪ್ಪಿಸಿತು. ಏಪ್ರಿಲ್ ಮೊದಲ ವಾರದಲ್ಲಿ ಮಸೂದೆ ಲೋಕಸಭೆಯಲ್ಲಿ 288ಕ್ಕೆ 232, ರಾಜ್ಯಸಭೆಯಲ್ಲಿ 128ಕ್ಕೆ 95 ಮತಗಳಿಂದ ಅಂಗೀಕಾರವಾಯಿತು. ಬಳಕೆಯಿಂದ ವಕ್ಫ್ ಎಂಬುದು ಮುಂದಕ್ಕೆ ಇಲ್ಲವಾಯಿತು. ಕಾಯ್ದೆ ಬರುವ ಮುಂಚೆಯೇ ನೋಂದಣಿಯಾದವು, ವಿವಾದ ಇಲ್ಲದಿದ್ದರೆ ಮತ್ತು ಸರ್ಕಾರಿ ಆಸ್ತಿಯಲ್ಲದಿದ್ದರೆ, ಉಳಿದವು. ಸೆಪ್ಟೆಂಬರ್ 15ರ ಮಧ್ಯಂತರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಕೆಲವು ಅಂಶಗಳಿಗೆ ತಡೆ ಕೊಟ್ಟಿತು, ಇದಕ್ಕೆ ಕೊಡಲಿಲ್ಲ. ಜೂನ್ 6ರಂದು ಆರಂಭವಾದ 'ಉಮೀದ್' ಪೋರ್ಟಲಿಗೆ ಆಸ್ತಿಗಳ ವಿವರಗಳನ್ನು ಆರು ತಿಂಗಳೊಳಗೆ ಏರಿಸಬೇಕೆಂದಾಗ ಕರಾವಳಿಯ ಜಮಾಅತುಗಳಲ್ಲಿ ತಗಡಿನ ಪೆಟ್ಟಿಗೆಗಳು ತೆರೆದುಕೊಂಡವು. ಮೂಲಗೇಣಿ ಚೀಟಿಗಳು, ಗೆದ್ದಲು ತಿಂದ ರಶೀದಿಗಳು, ಉರ್ದುವಿನಲ್ಲಿ ಬರೆದ ಲೆಕ್ಕದ ಪುಸ್ತಕಗಳು ಹೊರಬಂದವು.

ಹಿರಿಯರು ಪ್ರತಿ ಜುಮಾದ ನಂತರ ನಮ್ಮನ್ನು ಕಂಡಾಗ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಜವಾಬ್ ಆಯಾ ಕ್ಯಾ?" ಇ-ಮೇಲಿಗೆ ಜವಾಬು ಬರುವ ಕ್ರಮವಿಲ್ಲ ಎಂದು ಎಷ್ಟು ಹೇಳಿದರೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಅವರ ಲೆಕ್ಕದಲ್ಲಿ ಹೇಳಿಕೆ ಬಂದಿತ್ತು, ಹೋಗಿ ಕುಳಿತಿದ್ದರು, ಊಟಕ್ಕೆ ಎಲೆ ಹಾಕಿರಲಿಲ್ಲ, ಅಷ್ಟೆ. ಕೊನೆಗೆ ಅವರೇ ಒಂದು ದಾರಿ ಹೇಳಿದರು. ಅಂದು ನಾವು ಬರೆದುಕೊಂಡಿದ್ದ ಕನ್ನಡದ ಪ್ರತಿಯನ್ನು ಜಮಾಅತಿನ ನಡಾವಳಿ ಪುಸ್ತಕಕ್ಕೆ ನಕಲು ಮಾಡಿಸಿದರು. ತಾರೀಕು ಹಾಕಿಸಿ, ಒಂದು ಶುಕ್ರವಾರ ಎಲ್ಲರೂ ಇರುವಾಗ ಜೋರಾಗಿ ಓದಿಸಿದರು. ಓದಿದ್ದು ಅವರ ಮೊಮ್ಮಗಳು, ಅಂಗಳದಲ್ಲಿ ನಿಂತು. ಕೇಳಿದವರಲ್ಲಿ ಹನ್ನೊಂದು ಮಂದಿ ಕೆಳಗೆ ಸಹಿ ಹಾಕಿದ್ದಾರೆ, ಎರಡು ಹೆಬ್ಬೆಟ್ಟು.